ತಲಾತೊ ರಾಜೀನಾಮೆ ಕೊಟ್ಟ ವಾರ

ತಲಾತೊ ಜುಂಗ್ರಾನಾ ಹನ್ನೊಂದು ವರ್ಷಗಳಿಂದ ಆಳುವ ಪಕ್ಷದ ಮಹಿಳಾ ಘಟಕದ ಕಾರ್ಯದರ್ಶಿಯಾಗಿದ್ದಳು. ಅದು ಅವಳಿಗೆ ಗೊತ್ತಾದದ್ದು ರೇಡಿಯೋ ಹೇಳಿದ ಮೇಲೆ.

ನಮ್ಮ ರಾಜಧಾನಿ ವಾಗಾಡೂಗು, ಎರಡು ಸಾವಿರದ ಹದಿನಾಲ್ಕರ ಅಕ್ಟೋಬರ್. ಬುಧವಾರ, ಮಧ್ಯಾಹ್ನ ಹನ್ನೆರಡೂವರೆ. ನಾವು ಎಂಟು ಹತ್ತು ಜನ ಗುಮಾಸ್ತರು ಅವಳ ಊಟದಂಗಡಿಯ ಬೆಂಚುಗಳ ಮೇಲೆ ಒತ್ತಿಕೊಂಡು ಕೂತು ಮುದ್ದೆ ಮುರಿಯುತ್ತಿದ್ದೆವು. ಅವತ್ತು ಬೆಂಡೆಕಾಯಿ ಸಾರು. ಬೇವಿನ ಕೊಂಬೆಗೆ ತೂಗುಹಾಕಿದ್ದ ರೇಡಿಯೋದಲ್ಲಿ ವಾರ್ತೆ. ಹಿಂದಿನ ದಿನವಷ್ಟೇ ಸರಕಾರ ಸಂವಿಧಾನದ ಮೂವತ್ತೇಳನೆಯ ವಿಧಿಯನ್ನು ತಿದ್ದುವುದಾಗಿ ಹೇಳಿತ್ತು. ಇಪ್ಪತ್ತೇಳು ವರ್ಷ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರಿಗೆ ಆ ವಿಧಿ ಮುಂದಿನ ವರ್ಷ ಎದ್ದೇಳು ಎನ್ನುತ್ತಿತ್ತು. ಅವರಿಗೆ ಏಳುವ ಮನಸ್ಸಿರಲಿಲ್ಲ. ಹಾಗಾಗಿ ರೇಡಿಯೋ ಬೆಳಗಿನಿಂದ ಬೆಂಬಲ ಕೊಟ್ಟವರ ಪಟ್ಟಿ ಓದುತ್ತಿತ್ತು: ಹತ್ತಿ ಬೆಳೆಗಾರರು, ಕಟುಕರು, ಸೈಕಲ್ ಸಂಘದವರು. ಯಾರೂ ಕಿವಿಗೊಟ್ಟಿರಲಿಲ್ಲ. ಆಮೇಲೆ ನಮ್ಮ ಬಡಾವಣೆಯ ಹೆಸರು ಬಂತು, ಅದರ ಬೆನ್ನಿಗೇ "ಕಾರ್ಯದರ್ಶಿ ಶ್ರೀಮತಿ ತಲಾತೊ ಜುಂಗ್ರಾನಾ ಅವರ ನೇತೃತ್ವದಲ್ಲಿ ಸಮಸ್ತ ಮಹಿಳೆಯರು" ಎಂದಿತು.

ಬೆಂಚಿನ ಮೇಲಿದ್ದವರೆಲ್ಲ ಅವಳ ಕಡೆ ತಿರುಗಿದೆವು.

"ಕಾರ್ಯದರ್ಶಿಗಳೇ, ಇನ್ನೊಂದು ಸೌಟು ಸಾರು," ಅಂದ ನಮ್ಮ ಹಿರಿಯ ಗುಮಾಸ್ತ ನಿಕಿಯೆಮಾ.

ತಲಾತೊ ಸೌಟು ಹಿಡಿದು ನಿಂತೇ ಇದ್ದಳು. "ಬೇರೆ ಯಾವಳೋ ಇರಬೇಕು," ಅಂದಳು.

"ಈ ಬಡಾವಣೆಯಲ್ಲಿ ಇನ್ನೊಬ್ಬಳು ತಲಾತೊ ಜುಂಗ್ರಾನಾ ಎಲ್ಲಿದ್ದಾಳೆ?"

"ಹಾಗಾದ್ರೆ ರೇಡಿಯೋಗೆ ತಲೆ ಕೆಟ್ಟಿದೆ. ತಿಂದು ಏಳಿ, ಜನ ಕಾಯ್ತಿದಾರೆ."

ಆದರೆ ಅವಳಿಗೆ ಅನುಮಾನ ಬಂದಾಗಿತ್ತು. ಅನ್ನ ಬಡಿಸುವಾಗ ನನ್ನ ಕಡೆ ಬಗ್ಗಿ, "ಅರ್ಜುಮಾ," ಅಂದಳು. ಅಷ್ಟೇ ಹೇಳಿದ್ದು.

ಅರ್ಜುಮಾ ಅವಳ ಮೈದುನ. ಅವಳ ಗಂಡ ಐವರಿ ಕೋಸ್ಟಿನ ಕೋಕೋ ತೋಟಗಳಲ್ಲಿ ಹದಿನಾರು ವರ್ಷ ದುಡಿದು, ಅಲ್ಲಿ ಯುದ್ಧ ಹತ್ತಿಕೊಂಡಾಗ ಕೆಮ್ಮುತ್ತ ಊರಿಗೆ ಬಂದು, ಆರು ತಿಂಗಳಲ್ಲಿ ಸತ್ತ. ವಿಧವೆಯಾದವಳು ಮೈದುನನ ಮನೆ ಸೇರುವುದು ಮೋಸಿ ಜನರ ಹಳೆಯ ರೂಢಿ. ಹಿರಿಯರು ಬಂದು ಕೂತು ಅಗಿಯುವ ಕೋಲಾ ಕಾಯಿ ಹಂಚಿ ಮಾತೆತ್ತಿದಾಗ ತಲಾತೊ, "ಒಬ್ಬನಿಗೆ ಮುದ್ದೆ ತೊಳಸಿ ಕೈ ಸೋತಿದೆ, ಇನ್ನೊಬ್ಬನಿಗೆ ಆಗಲ್ಲ," ಎಂದು ಎದ್ದು ಹೋದಳಂತೆ. ಅರ್ಜುಮಾ ಬಲವಂತ ಮಾಡಲಿಲ್ಲ. ಅವನು ಆ ಜಾತಿಯವನಲ್ಲ. ಹಬ್ಬಕ್ಕೆ ಅಧ್ಯಕ್ಷರ ಮುಖ ಅಚ್ಚು ಹಾಕಿದ ಬಟ್ಟೆ ಹಂಚುವವನು, ಸಭೆಗೆ ಲಾರಿಯಲ್ಲಿ ಜನ ತುಂಬುವವನು, ಎಲ್ಲರಿಗೂ ನಗುತ್ತಲೇ ಮಾತಾಡುವವನು. ಅತ್ತಿಗೆ ಹೆಂಡತಿಯರ ಪಟ್ಟಿಗೆ ಸೇರಲಿಲ್ಲವಲ್ಲ, ಪಕ್ಷದ ಪಟ್ಟಿಗೆ ಸೇರಿಸಿಬಿಟ್ಟಿದ್ದ.

ನಾನು ಪಾರೆ. ಭೂದಾಖಲೆ ಕಚೇರಿಯಲ್ಲಿ ನಕಲು ಗುಮಾಸ್ತ. ಆ ಹೊತ್ತಿಗೆ ಹದಿನಾಲ್ಕು ವರ್ಷದಿಂದ ತಲಾತೊ ಕೈಯ ಊಟ ತಿನ್ನುತ್ತಿದ್ದೆ, ಬೈಗುಳವನ್ನೂ. ನಾನು ಸಾಮೊ ಕುಲದವನು, ಅವಳು ಮೋಸಿ. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ಹಂಗಿಸಲೇಬೇಕು, ಹಂಗಿಸಿಕೊಂಡವರು ಸಿಟ್ಟಾಗುವಂತಿಲ್ಲ. ಅವಳಿಗೆ ನಾನು ನಾಯಿತಲೆ ತಿನ್ನುವವನು, ಅವರ ಮುತ್ತಾತನ ಜೀತದಾಳು. ನನಗೆ ಅವಳು ನಮ್ಮ ಕತ್ತೆ ಕದ್ದವರ ಮೊಮ್ಮಗಳು. ಇಷ್ಟಾದ ಮೇಲೇ ನಮ್ಮಿಬ್ಬರಿಗೂ ಊಟ ಮೈಗೆ ಹತ್ತುತ್ತಿದ್ದದ್ದು.

ವಾಗಾಡೂಗುವಿನಲ್ಲಿ ಅವಳ ಅಂಗಡಿ ಒಂದಾದ ಮೇಲೊಂದರಂತೆ ನಾಲ್ಕು ಕಡೆ ಇತ್ತು. ಮೊದಲನೆಯದು ಹಳೆಯ ಕೇರಿಯಲ್ಲಿ. ಆ ಕೇರಿಯನ್ನೇ ಒಡೆದು ದೊಡ್ಡ ದೊಡ್ಡ ಕಟ್ಟಡ ಬರುತ್ತದೆ ಎಂದರು. ಬಂದದ್ದು ಹುಲ್ಲು, ಆಡು ಮೇಯಿಸುವವರಿಗೆ ಅನುಕೂಲವಾಯಿತು. ಎರಡನೆಯದನ್ನು ರಸ್ತೆ ನುಂಗಿತು. ಮೂರನೆಯ ಕಡೆ ಒಬ್ಬ ಮಂತ್ರಿಯ ಗೋಡೆ ಮುಂದಕ್ಕೆ ಬಂತು. ನಾಲ್ಕನೆಯದು ನಮ್ಮ ಕಚೇರಿಯ ಹಿಂದೆ, ಸಂಸತ್ತಿನ ಕಟ್ಟಡಕ್ಕೆ ಕೂಗಳತೆ ದೂರದಲ್ಲಿ. ಪ್ರತಿ ಸಲವೂ ಅವಳು ಮೂರು ಕಲ್ಲು, ಎರಡು ಹಂಡೆ, ಬೆಂಚುಗಳನ್ನು ಕೈಗಾಡಿಗೆ ಹೇರಿಕೊಂಡು ಮುಂದಿನ ಜಾಗಕ್ಕೆ ಹೋದಳು. ಅಧ್ಯಕ್ಷರನ್ನು ಬಯ್ಯುವ ಕೆಲಸವನ್ನು ಬೆಂಚಿನ ಮೇಲಿದ್ದ ನಮಗೆ ಬಿಟ್ಟಿದ್ದಳು.

ನಾವು ಆ ಕೆಲಸದಲ್ಲಿ ಗಟ್ಟಿಗರು. ಪ್ರತಿ ಮಧ್ಯಾಹ್ನ ಅಧ್ಯಕ್ಷರನ್ನು ಕೆಳಗಿಳಿಸಿ, ಹೊಸ ಮಂತ್ರಿಮಂಡಲ ಮಾಡಿ, ಖಾತೆ ಹಂಚಿ, ಒಂದೂವರೆಗೆ ಕೈ ತೊಳೆದು ಅದೇ ಅಧ್ಯಕ್ಷರ ಪಟದ ಕೆಳಗೆ ಹೋಗಿ ಕೂರುತ್ತಿದ್ದೆವು. ಒಂದು ಸಲ ಅವಳು ಕೇಳಿದ್ದಳು: "ಪಾರೆ, ನಿಮ್ಮ ಕಚೇರೀಲಿ ಗಂಡಸರು ಎಷ್ಟು ಜನ?"

"ನಲವತ್ತು."

"ಇಪ್ಪತ್ತೇಳು ವರ್ಷ ನಲವತ್ತು ಜನ ಮಾತಾಡಿದ್ದೀರಿ. ಅಷ್ಟು ಉಸಿರನ್ನ ನನ್ನ ಒಲೆಗೆ ಊದಿದ್ರೆ ಸೌದೆ ಉಳೀತಿತ್ತು."

ಗುರುವಾರ ಬೆಳಿಗ್ಗೆ ಅವಳು ಬಡಾವಣೆಯ ಪಕ್ಷದ ಕಚೇರಿಗೆ ಹೋದಳು. ಓದು ಬಾರದು, ಅದಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಮೇಜಿನ ಹಿಂದೆ ಪಕ್ಷದ ಅಂಗಿ ತೊಟ್ಟ ಒಬ್ಬ ಮನುಷ್ಯ ಕಡಲೆಕಾಯಿ ಸುಲಿಯುತ್ತಿದ್ದ. ಕಾರ್ಯದರ್ಶಿ ಬಂದಿದ್ದಾರೆ ಎಂದು ತಿಳಿದು ಎದ್ದು ನಿಂತು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ನನ್ನ ಹೆಸರು ತೆಗೀರಿ."

"ರಾಜೀನಾಮೆ ಕೊಡ್ತೀರಾ ಅಮ್ಮಾ? ಹಾಗಾದ್ರೆ ಸದಸ್ಯತ್ವದ ಕಾರ್ಡು ವಾಪಸ್ ಕೊಡಬೇಕು."

"ನಾನು ಸದಸ್ಯಳೇ ಅಲ್ಲ. ಕಾರ್ಡು ಎಲ್ಲಿಂದ ತರ್ಲಿ?"

"ಕಳೆದುಹೋಗಿದ್ರೆ ಹೊಸದಕ್ಕೆ ಅರ್ಜಿ ಹಾಕಿ. ಬಂದ ಮೇಲೆ ವಾಪಸ್ ಕೊಡಿ."

"ಅಂದ್ರೆ ಬಿಡಬೇಕು ಅಂದ್ರೆ ಮೊದಲು ಸೇರಬೇಕು?"

"ನೀವು ಸೇರಿ ಹನ್ನೊಂದು ವರ್ಷ ಆಯ್ತಲ್ಲಮ್ಮ," ಅಂದ ಅವನು, ಬಹಳ ತಾಳ್ಮೆಯಿಂದ.

ಹೊರಗೆ ಬಂದು ಅವಳು ನನ್ನ ಮೊಪೆಡ್ಡಿನ ಪಕ್ಕದಲ್ಲಿ ನಿಂತಳು. "ನೀನು ದಿನಾ ಬರೀತೀಯಲ್ಲ ಕಚೇರೀಲಿ," ಅಂದಳು. "ಇವತ್ತು ನನಗೊಂದು ಬರಿ."

ಬರೆದೆ. ಸರಕಾರಿ ಭಾಷೆಯಲ್ಲಿ, ಕೆಳಗೆ ಗೆರೆ ಎಳೆದು, ಎರಡು ಪ್ರತಿ. 'ನಾನು ಎಂದೂ ಒಪ್ಪಿಕೊಳ್ಳದ ಹುದ್ದೆಗೆ ಈ ಮೂಲಕ ರಾಜೀನಾಮೆ' ಎಂದು ಬರೆಯುವಾಗ ನನ್ನ ಕೈಗೆ ಏನೋ ಒಂದು ಖುಷಿ. ಅವಳು ಹೆಬ್ಬೆಟ್ಟು ಒತ್ತಿದಳು. ಶುಕ್ರವಾರ ಮತ್ತೆ ಹೋದೆವು. ಅದೇ ಮನುಷ್ಯ ಕಾಗದ ಓದಿ, ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಹಾಳೆ ತಿರುವಿ ತಲೆಯಾಡಿಸಿದ.

"ಇದು ಆಗಲ್ಲ. ನಮ್ಮ ಪುಸ್ತಕದಲ್ಲಿ ಕಾರ್ಯದರ್ಶಿಯವರು ಸಹಿ ಹಾಕ್ತಾರೆ. ಇದು ಹೆಬ್ಬೆಟ್ಟು."

ಪುಸ್ತಕ ನಮ್ಮ ಕಡೆ ತಿರುಗಿಸಿದ. ಪ್ರತಿ ಸಭೆಯ ನಡಾವಳಿಯ ಕೆಳಗೂ ಬಳ್ಳಿ ಬಿಟ್ಟ ಹಾಗೆ ಒಂದು ಚೆಂದದ ಸಹಿ. ಹನ್ನೊಂದು ವರ್ಷದಲ್ಲಿ ಅವಳು ನೂರಾರು ಸಭೆಗೆ ಬಂದಿದ್ದಳು, ಮಾತಾಡಿದ್ದಳು, ಎರಡು ಸಲ ಅಧ್ಯಕ್ಷರ ದೂರದೃಷ್ಟಿಯನ್ನು ಹೊಗಳಿದ್ದಳು.

"ಇದು ನಾನು ಹಾಕಿದ್ದಲ್ಲ. ನನಗೆ ಸಹಿ ಹಾಕೋಕೆ ಬರಲ್ಲ."

"ಹಾಗಾದ್ರೆ ನೀವು ಕಾರ್ಯದರ್ಶಿ ಅಲ್ಲ."

"ಅದನ್ನೇ ಕಣಪ್ಪಾ ನಿನ್ನೆಯಿಂದ ಬಡ್ಕೊಳ್ತಿರೋದು."

"ಕಾರ್ಯದರ್ಶಿ ಅಲ್ಲದವರ ರಾಜೀನಾಮೆ ನಾನು ತಗೊಳ್ಳೋದು ಹೇಗಮ್ಮ?"

ನಾನು ಮೂರನೆಯ ದರ್ಜೆ ಗುಮಾಸ್ತ. ಜೀವನವಿಡೀ ಜನರನ್ನು ಇದೇ ಥರ ನಾಳೆ ಬನ್ನಿ, ಆಚೆ ಕಿಟಕಿಗೆ ಹೋಗಿ ಎಂದು ಓಡಿಸಿದವನು. ಆದರೆ ಇಷ್ಟು ನಯವಾಗಿ ಮಾಡಿದ್ದು ನನಗೂ ನೆನಪಿಲ್ಲ. ತಲಾತೊ ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಶನಿವಾರ ಅರ್ಜುಮಾನ ಮನೆಗೆ ಹೋದಳು. ಅವನು ಮನೆಯಲ್ಲಿರಲಿಲ್ಲ. ಭಾನುವಾರ ಅವನೇ ಬಂದ. ತಪ್ಪೊಪ್ಪಿಕೊಳ್ಳುವುದಕ್ಕಲ್ಲ, ಮಂಗಳವಾರ ಪಕ್ಷದ ಸಭೆಗೆ ನಲವತ್ತು ಹೆಂಗಸರನ್ನು ಕರೆತರಬೇಕು ಎಂದು ಹೇಳುವುದಕ್ಕೆ. ನಾನು ಅವಳ ಅಂಗಳದಲ್ಲೇ ಇದ್ದೆ.

"ಅತ್ತಿಗೆ, ನಿಮ್ಮ ಹೆಸರು ರೇಡಿಯೋದಲ್ಲಿ ಬಂತು, ಕೇಳಿದ್ರಾ? ದೊಡ್ಡ ಗೌರವ."

"ನನ್ನನ್ನ ಯಾಕೆ ಬರೆಸಿದೆ ಅರ್ಜುಮಾ?"

"ಯಾರಾದ್ರೂ ಒಬ್ಬರು ಬೇಕಿತ್ತು ಅತ್ತಿಗೆ. ನನ್ನ ಹೆಂಡತಿಯರಲ್ಲಿ ಒಬ್ಬಳನ್ನ ಬರೆಸಿದ್ರೆ ಇನ್ನಿಬ್ಬರು ಜಗಳ ತೆಗೀತಿದ್ರು."

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ಸಣ್ಣ ಕಾರಣವಿರಬಹುದೆಂದು ಅವಳು ಎಣಿಸಿರಲಿಲ್ಲ ಅನ್ನಿಸುತ್ತದೆ. ಅವನು ನೀರು ಕುಡಿದು, ನಲವತ್ತು ಎಂಬುದನ್ನು ಇನ್ನೊಮ್ಮೆ ಹೇಳಿ ಹೋದ. ಅದೇ ಸಂಜೆ ವಿರೋಧ ಪಕ್ಷದ ಇಬ್ಬರು ಹೆಂಗಸರು ಬಂದರು: ನಾಳೆ ಸೋಮವಾರ ಹೆಂಗಸರ ಮೆರವಣಿಗೆ ಇದೆ, ಮುದ್ದೆಕೋಲು ಹಿಡಿದು ಬನ್ನಿ, ಕೈಲಾದರೆ ಮೂವತ್ತು ನಲವತ್ತು ಜನರನ್ನು ಕರೆತನ್ನಿ ಎಂದರು.

"ಎಲ್ಲರಿಗೂ ನನ್ನಿಂದ ನಲವತ್ತೇ ಬೇಕು," ಅಂದಳು ತಲಾತೊ. "ನಾನೇನು ಹೆಂಗಸರನ್ನ ಹಂಡೇಲಿ ಬೇಯಿಸಿ ಇಟ್ಟಿದ್ದೀನಾ?"

ಆದರೂ ಸೋಮವಾರ ಅಂಗಡಿ ತೆರೆಯಲಿಲ್ಲ. ನಾವು ಹೋದಾಗ ಒಲೆ ತಣ್ಣಗಿತ್ತು. ಅವಳು ಉದ್ದನೆಯ ಮುದ್ದೆಕೋಲನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತಿದ್ದಳು. ನಮ್ಮಲ್ಲಿ ಹೆಂಗಸು ಮುದ್ದೆಕೋಲು ಹಿಡಿದು ಬೀದಿಗೆ ಬಂದಳೆಂದರೆ ಮನೆಯೊಳಗಿನ ಮಾತೆಲ್ಲ ಮುಗಿಯಿತೆಂದು ಅರ್ಥ. ಅದರ ಏಟು ಬಿದ್ದ ಗಂಡಸು ಆಮೇಲೆ ಗಂಡಸಾಗಿ ಉಳಿಯುವುದಿಲ್ಲ ಎಂದು ಎಲ್ಲರ ಭಯ. ಓದಿದವರಿಗೂ ಆ ಭಯ ಉಂಟು. ನಿಕಿಯೆಮಾ ಎರಡು ಹೆಜ್ಜೆ ಹಿಂದೆ ಸರಿದ.

"ಹೆದರಬೇಡ, ನಿನಗಲ್ಲ," ಅಂದಳು. "ಕಾಗದ ಕೊಟ್ಟೆ, ತಗೊಳ್ಳಲಿಲ್ಲ. ಇದನ್ನ ಓದೋಕೆ ಬರುತ್ತೋ ನೋಡ್ತೀನಿ. ಪಾರೆ, ನೀರಿನ ಕ್ಯಾನು ತಗೊಂಡು ಹಿಂದೆ ಬಾ."

ಜನತಾಭವನದ ಕಡೆಯ ರಸ್ತೆಯಲ್ಲಿ ಕಣ್ಣು ಹಾಯಿಸಿದಷ್ಟೂ ಹೆಂಗಸರು, ತಲೆಯ ಮೇಲೆಲ್ಲ ಕೋಲುಗಳು. ಮಾರುಕಟ್ಟೆಯವರು, ದಾದಿಯರು, ಬೆನ್ನಿಗೆ ಕೂಸು ಕಟ್ಟಿಕೊಂಡವರು. ಗಂಡಸರು ಪಕ್ಕದ ಓಣಿಗಳಲ್ಲಿ ಮೊಪೆಡ್ ತಳ್ಳಿಕೊಂಡು ಕಳ್ಳರ ಹಾಗೆ ಜೊತೆಗಿದ್ದೆವು. ತಲಾತೊಗೆ ಮೆರವಣಿಗೆಯೂ ಹಿಡಿಸಲಿಲ್ಲ. ಹಾಡು ಶುರುಮಾಡುವವರು ಒಂದೇ ಸಾಲನ್ನು ಎಳೆಯುತ್ತಾರೆ, ಮುಂದಿನವರು ನಡೆಯುವುದಿಲ್ಲ, ಹಿಂದಿನವರು ಕಾಲು ತುಳಿಯುತ್ತಾರೆ, ಬಿಸಿಲು ನೆತ್ತಿಗೆ ಬಂದರೂ ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರಿಗೂ ಗೊತ್ತಿಲ್ಲ ಎಂದು ಉದ್ದಕ್ಕೂ ಗೊಣಗಿದಳು.

ಒಂದು ತಿರುವಿನಲ್ಲಿ ಪೊಲೀಸರು ಗುರಾಣಿ ಹಿಡಿದು ಅಡ್ಡ ನಿಂತಿದ್ದರು. ಹೆಂಗಸರು ನಿಂತರು. ತಲಾತೊ ಎದುರಿಗಿದ್ದವನ ಎದೆಯ ಮೇಲಿನ ಹೆಸರು ಯಾವುದೆಂದು ನನ್ನನ್ನು ಕೂಗಿ ಕೇಳಿದಳು. "ಝೆರ್ಬೊ," ಎಂದೆ. ನನ್ನ ಕುಲದವನೇ.

ಅವಳ ಮುಖ ಆ ವಾರದಲ್ಲಿ ಮೊದಲ ಸಲ ಸ್ವಲ್ಪ ಸಡಿಲವಾಯಿತು. "ಏ ಸಾಮೊ," ಅಂದಳು. "ನಾಯಿತಲೆ ಬೇಯೋಕೆ ಇಟ್ಟು ಬಂದಿದ್ದೀಯಾ, ಇಲ್ಲಾ ಹಸ್ಕೊಂಡೇ ನಿಂತಿದ್ದೀಯಾ?"

ಅವನು ನೆಟ್ಟಗೆ ನೋಡುತ್ತ ನಿಂತ. ತುಟಿಯ ತುದಿ ಅದುರಿತು.

"ಯಜಮಾನಿ ಬಂದಿದ್ದಾಳೆ, ದಾರಿ ಬಿಡಬೇಕು ಅಂತ ನಿಮ್ಮಪ್ಪ ಹೇಳಿಕೊಡಲಿಲ್ವಾ?"

"ಅಜ್ಜೀ," ಅಂದ ಅವನು ಕೊನೆಗೆ, ಮೆಲ್ಲಗೆ, "ನಮ್ಮ ಕತ್ತೆ ವಾಪಸ್ ತಂದ್ಕೊಟ್ಟು ಮಾತಾಡಿ. ಇಲ್ಲಿಂದ ಮುಂದೆ ಬಿಡೋಕೆ ನನಗೆ ಹುಕುಂ ಇಲ್ಲ. ಆ ಕೋಲನ್ನ ಮಾತ್ರ ನನ್ನ ಮೈಗೆ ತಾಗಿಸಬೇಡಿ. ಹೋದ ತಿಂಗಳಷ್ಟೇ ಮದುವೆ ಆಗಿದೆ."

ಸುತ್ತಲಿದ್ದವರೆಲ್ಲ ನಕ್ಕರು. ಗುರಾಣಿಯ ಹಿಂದಿನವರೂ ನಕ್ಕರು. ಯಾರೂ ಮುಂದೆ ಹೋಗಲಿಲ್ಲ, ಯಾರಿಗೂ ಏಟು ಬೀಳಲಿಲ್ಲ. ಅರ್ಧ ಗಂಟೆ ಕೋಲು ಎತ್ತಿ ನಿಂತು ಹಿಂದಿರುಗಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಒಳ್ಳೆ ಹುಡುಗ ಅಂತ ಬಿಟ್ಟೆ. ಒಳ್ಳೆ ಹುಡುಗರನ್ನೇ ಮುಂದೆ ನಿಲ್ಲಿಸ್ತಾರೆ, ನೋಡು."

ಮಂಗಳವಾರ ಊರಿಗೆ ಊರೇ ಬೀದಿಗಿಳಿಯಿತು. ನಾನು ಅಷ್ಟು ಜನರನ್ನು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ಪಕ್ಷದ ಸಭೆ ನಡೆಯಲೇ ಇಲ್ಲ. ಸಂಸತ್ತಿನಲ್ಲಿ ತಿದ್ದುಪಡಿಗೆ ಮತ ಹಾಕುವುದು ಗುರುವಾರವೆಂದು ಗೊತ್ತಾಯಿತು. ಬುಧವಾರ ನಾನು, "ಅಕ್ಕಾ, ನಾಳೆ ಒಲೆ ಹಚ್ಚಬೇಡ, ಸಂಸತ್ತಿನ ಮಗ್ಗುಲಲ್ಲೇ ಇದ್ದೀಯ," ಎಂದೆ.

"ಅವತ್ತು ಜನ ಊಟ ಮಾಡಲ್ವಾ?" ಅಂದಳು.

ಗುರುವಾರ ಎಂಟು ಗಂಟೆಗೇ ಅಲಸಂದೆ ಬೇಯಲು ಇಟ್ಟಿದ್ದಳು. ಪುಂಡಿಸೊಪ್ಪಿನ ಸಾರು ಕುದಿಯುತ್ತಿತ್ತು. ಒಂಬತ್ತರ ಹೊತ್ತಿಗೆ ಪೊಲೀಸರ ಮೊದಲ ಹೊಗೆಗುಂಡು ಸಿಡಿಯಿತು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಕಣ್ಣು ಮೂಗು ಹಿಡಿದುಕೊಂಡು ನಾನು ಮರದ ಬುಡದಲ್ಲಿ ಕೂತೆ. ಅವಳು ಒದ್ದೆ ಬಟ್ಟೆ ಮುಖಕ್ಕೆ ಸುತ್ತಿಕೊಂಡು ಸಾರಿನ ಹಂಡೆ ಮುಚ್ಚುವುದಕ್ಕೆ ಓಡಿದಳು. ಸಂಸತ್ತಿನ ಬೇಲಿಯ ಕಡೆಯಿಂದ ಜನ ನುಗ್ಗಿದರು. ಒಬ್ಬರು ಬೆಂಚು ಎತ್ತಿಕೊಂಡರು, ಮತ್ತಿಬ್ಬರು ಇನ್ನೊಂದು ಬೆಂಚು. ರಸ್ತೆಗೆ ಅಡ್ಡ ಹಾಕುವುದಕ್ಕಂತೆ.

"ಅದು ಕೂರೋದಕ್ಕೆ ಇರೋದು," ಎಂದು ಅವಳು ಹೇಳುತ್ತಿರುವಾಗಲೇ ಮೂವತ್ತು ಮೂವತ್ತೈದರ ಒಬ್ಬ ದೃಢಕಾಯ, ಕೈಯೆಲ್ಲ ಗ್ರೀಸು, ಅವಳ ದೊಡ್ಡ ಹಂಡೆಯ ಮುಚ್ಚಳ ಎಳೆದುಕೊಂಡ.

"ತಾಯೀ, ಗುರಾಣಿಗೆ ಬೇಕು. ತಂದುಕೊಡ್ತೀನಿ."

"ಸಾರಿಗೆ ಹೊಗೆ ಬೀಳ್ತಿದೆ ಕಣೋ, ಇಡು ಅದನ್ನ."

ಅವನು ಓಡಿದ. ಅವಳೂ ಓಡಿದಳು. ಐವತ್ತೆಂಟು ವರ್ಷದ ಹೆಂಗಸು, ಮೊಣಕಾಲು ನೋವಿನವಳು. ಕೈಯಲ್ಲಿ ಆವತ್ತು ಕೋಲೂ ಇರಲಿಲ್ಲ, ಸೌಟಿತ್ತು. ನಾನು ಮೊಪೆಡ್ ತಳ್ಳಿಕೊಂಡು ಹಿಂದೆ ಬಿದ್ದೆ. ಜನರ ಹೊಳೆ ನಮ್ಮನ್ನು ಎತ್ತಿಕೊಂಡು ಹೋಗಿ ಸಂಸತ್ತಿನ ಬಾಗಿಲಲ್ಲಿ ಬಿಟ್ಟಿತು. ಅಷ್ಟರಲ್ಲಿ ಗೇಟು ಬಿದ್ದಾಗಿತ್ತು. ಒಳಗೆ ಕಾರುಗಳು ಉರಿಯುತ್ತಿದ್ದವು. ಕಿಟಕಿಗಳಿಂದ ಕಾಗದ ಹಾರುತ್ತಿತ್ತು. ಒಬ್ಬ ಮೆತ್ತನೆಯ ಕುರ್ಚಿ ಹೊತ್ತು ಬಂದ, ಇನ್ನೊಬ್ಬ ಹೂಕುಂಡ. ಇಷ್ಟು ವರ್ಷ ನಾವು ಬೆಂಚಿನ ಮೇಲೆ ಕೂತು ಒಡೆದದ್ದು ಈಗ ನಿಜವಾಗಿ ಒಡೆಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಹೊಗೆಗೋ ಬೇರೆ ಯಾತಕ್ಕೋ ಹೇಳಲಾರೆ. ತಲಾತೊ ಯಾವುದನ್ನೂ ನೋಡಲಿಲ್ಲ. ಅವಳ ಕಣ್ಣು ಮುಚ್ಚಳ ಹುಡುಕುತ್ತಿತ್ತು.

ಸಿಕ್ಕಿತು. ಗೋಡೆಯ ಪಕ್ಕ, ಆ ಗ್ರೀಸಿನ ಮನುಷ್ಯನ ಎದೆಯ ಮೇಲೆ. ಹೊಗೆಗುಂಡು ನೇರವಾಗಿ ತೊಡೆಗೆ ಹೊಡೆದು ಮೂಳೆ ಮುರಿದಿತ್ತು. ಪ್ಯಾಂಟು ರಕ್ತದಲ್ಲಿ ನೆನೆದಿತ್ತು. ಮುಖ ಬೂದಿಯಾಗಿತ್ತು. ಸುತ್ತ ಜನ ಓಡುತ್ತಿದ್ದರು.

ಅವಳು ತಲೆವಸ್ತ್ರ ಬಿಚ್ಚಿ ತೊಡೆಗೆ ಬಿಗಿದು, ಸೌಟಿನ ಹಿಡಿ ತೂರಿಸಿ ತಿರುವಿ ಗಂಟು ಹಾಕಿದಳು. ನಾನು ಮೊಪೆಡ್ ಚಾಲು ಮಾಡಿದೆ. ಅವನನ್ನು ನಡುವೆ ಕೂರಿಸಿ, ಹಿಂದೆ ಅವಳು ಕೂತು ಎರಡೂ ಕೈಯಿಂದ ತಬ್ಬಿಕೊಂಡಳು. ಮುಚ್ಚಳ ಅವಳ ಬೆನ್ನಿಗೆ ಕಟ್ಟಿತ್ತು. ಆಸ್ಪತ್ರೆಯವರೆಗೂ ನನ್ನ ಕಿವಿಯ ಹಿಂದೆ ಅವಳ ಬೈಗುಳ ನಿಲ್ಲಲಿಲ್ಲ.

"ಹೆಸರೇನು ನಿಂದು?"

"ಸಾಲ್ಫೊ."

"ಏನು ಕೆಲಸ?"

"ಮೊಪೆಡ್... ರಿಪೇರಿ."

"ರಿಪೇರಿಯವನು ಬಂದು ನನ್ನ ಅಂಗಡಿ ಮುರಿದೆ. ಕಣ್ಣು ಮುಚ್ಚಬೇಡ. ಮಾತಾಡು. ಮಕ್ಕಳೆಷ್ಟು?"

"ಇಬ್ಬರು."

"ಅವರ ಹೆಸರು ಹೇಳು. ಕಣ್ಣು ಮುಚ್ಚಬೇಡ ಅಂದೆ. ನಿನ್ನಂಥ ಹತ್ತು ಜನ ಇದ್ದಿದ್ರೆ ಈ ಊರಲ್ಲಿ ಒಂದು ಬೆಂಚೂ ಉಳೀತಿರಲಿಲ್ಲ. ಹೇಳು ಹೆಸರು."

ಆಸ್ಪತ್ರೆಯ ಪಡಸಾಲೆಯಲ್ಲಿ ಜನರನ್ನು ನೆಲದ ಮೇಲೆ ಮಲಗಿಸಿದ್ದರು. ಕೆಲವರ ಮುಖದ ಮೇಲೆ ಬಟ್ಟೆ ಎಳೆದಿತ್ತು. ತಲಾತೊ ಸಾಲ್ಫೊನನ್ನು ಒಳಗೆ ಒಯ್ಯುವವರೆಗೆ ಅವನ ಕೈ ಹಿಡಿದು ಕೂತಳು. ಬಿಡುವಾಗ ಅವನು, "ತಾಯೀ, ಮುಚ್ಚಳ ತಗೊಂಡ್ರಾ?" ಎಂದ. ಅವಳು ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತಳು. ನಾನು ಬೇರೆ ಕಡೆ ನೋಡಿದೆ. ಅವನು ಬದುಕಿದ. ಇವತ್ತೂ ಒಂದು ಕಾಲು ಎಳೆದುಕೊಂಡೇ ನಡೆಯುತ್ತಾನೆ.

ಮಧ್ಯಾಹ್ನ ಹಿಂದಿರುಗಿದಾಗ ಅಂಗಡಿ ಇದ್ದ ಕಡೆ ಬೇವಿನ ಮರ, ಒಲೆ, ಎರಡು ಹಂಡೆ ಮಾತ್ರ ಇದ್ದವು. ಬೆಂಚುಗಳು ರಸ್ತೆಯ ನಡುವೆ ಇದ್ದಿಲಾಗಿದ್ದವು. ರೇಡಿಯೋ ಯಾರೋ ಒಯ್ದಿದ್ದರು. ಅಲಸಂದೆಯ ಹಂಡೆ ಖಾಲಿ, ಕೆರೆದು ತಿಂದ ಹಾಗೆ ಖಾಲಿ. ಸಾರು ಯಾರೂ ಮುಟ್ಟಿರಲಿಲ್ಲ. ಅವಳು ಬೆರಳದ್ದಿ ರುಚಿ ನೋಡಿ ಉಗಿದಳು.

"ಅಧ್ಯಕ್ಷ ನನ್ನನ್ನ ಮೂರು ಸಲ ಎಬ್ಬಿಸಿದ. ಆದ್ರೆ ಬೆಂಚು ಸುಡಲಿಲ್ಲ," ಅಂದಳು. "ಇವರು ಒಂದೇ ಬೆಳಿಗ್ಗೆ ಮುಗಿಸಿದ್ರು."

"ಹಾಗಾದ್ರೆ ಅವನೇ ಇರಲಿ ಅಂತೀಯಾ ಅಕ್ಕಾ?"

"ಅವನೂ ಹೋಗಲಿ, ನನ್ನ ಬೆಂಚೂ ಬರಲಿ ಅಂತೀನಿ. ಎರಡು ಒಟ್ಟಿಗೆ ಕೇಳಬಾರದಾ?"

ಸಂಜೆ ಅವಳ ಮನೆಗೆ ಬಿಡಲು ಹೋದೆ. ಅಂಗಳದಲ್ಲಿ, ನೀರಿನ ಮಡಕೆಗಳ ಹಿಂದೆ, ಅರ್ಜುಮಾ ಕುಕ್ಕರಗಾಲಲ್ಲಿ ಕೂತಿದ್ದ. ಕಾಲಲ್ಲಿ ಒಂದೇ ಚಪ್ಪಲಿ. ಅವನ ಮನೆಗೆ ಜನ ನುಗ್ಗಿ ಬಾಗಿಲು ಸಮೇತ ಕಿತ್ತುಕೊಂಡು ಹೋಗಿದ್ದರು. ಮೂವರು ಹೆಂಡತಿಯರು ಮೂರು ತವರಿಗೆ ಹೋಗಿದ್ದರು. ಒಬ್ಬಳೂ ಇವನನ್ನು ಜೊತೆಗೆ ಕರೆದಿರಲಿಲ್ಲ.

"ಅತ್ತಿಗೆ," ಅಂದ. ನಗು ಇರಲಿಲ್ಲ.

"ಪಕ್ಷದ ಕಾರ್ಯದರ್ಶಿ ಮನೇಲಿ ಬಂದು ಅವಿತಿದ್ದೀಯಲ್ಲ, ಜನ ಮೊದಲು ಇಲ್ಲಿಗೇ ಬರಲ್ವಾ?" ಅಂದಳು. ಅವನಿಗೆ ಅದು ಹೊಳೆದೇ ಇರಲಿಲ್ಲ. ಎದ್ದು ನಿಂತ. "ಕೂತ್ಕೋ," ಅಂದಳು. "ಒಬ್ಬರೂ ಬರಲ್ಲ. ಇಡೀ ಬೀದಿಗೆ ಗೊತ್ತು, ನಾನು ಸೋಮವಾರ ಯಾವ ಕಡೆ ಕೋಲು ತೋರಿಸಿದೆ ಅಂತ."

ಒಳಗೆ ಹೋಗಿ ನಾನು ಬರೆದುಕೊಟ್ಟಿದ್ದ ಕಾಗದ ತಂದು ಅವನ ಮುಂದೆ ಹಿಡಿದಳು. "ಸಹಿ ಹಾಕು."

"ಇದು ನಿಮ್ಮ ರಾಜೀನಾಮೆ ಅತ್ತಿಗೆ."

"ನನ್ನ ಸಹಿ ನಿನಗೆ ತಾನೇ ಬರೋದು? ಹಾಕು."

ನನ್ನ ಪೆನ್ನು ಕೊಟ್ಟೆ. ಅರ್ಜುಮಾ ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಅವಳ ಹೆಬ್ಬೆಟ್ಟಿನ ಪಕ್ಕದಲ್ಲಿ ಆ ಬಳ್ಳಿಯಂಥ ಸಹಿ ಹಾಕಿದ. ಸಹಿ ಚೆಂದವೇ ಬಂತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಿ ಕೊಡೋದು ಇದನ್ನ?" ಎಂದು ನನ್ನನ್ನು ಕೇಳಿದಳು. ಬಡಾವಣೆಯ ಪಕ್ಷದ ಕಚೇರಿ ಮಧ್ಯಾಹ್ನವೇ ಸುಟ್ಟುಹೋಗಿತ್ತು ಎಂದೆ. ಪುಸ್ತಕ, ಬೀರು, ಎಲ್ಲ. ಅವಳು ಆಮೇಲೆ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟು, ಅರ್ಜುಮಾನಿಗೆ ಅನ್ನ ಹಾಕಿದಳು. ತಣ್ಣಗಿನ ಅನ್ನ.

ಶುಕ್ರವಾರ ಮಧ್ಯಾಹ್ನ ಅಧ್ಯಕ್ಷರು ರಾಜೀನಾಮೆ ಕೊಟ್ಟರೆಂದೂ ದಕ್ಷಿಣದ ಕಡೆ ಹೊರಟರೆಂದೂ ಸುದ್ದಿ ಬಂತು. ಊರಿನ ಮೊಪೆಡ್ಡುಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು. ನಾನು ಕುಣಿಯುತ್ತ ಅವಳ ಮನೆಗೆ ಹೋದೆ.

"ಅವನದನ್ನ ಒಂದೇ ದಿನಕ್ಕೆ ತಗೊಂಡ್ರಾ?" ಅಂದಳು. "ಸಹಿ ಸರಿಯಿತ್ತೋ ಏನೋ."

ಆಮೇಲೆ ಅವಳೂ ಬೀದಿಗೆ ಬಂದು ಹೆಂಗಸರ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಅರ್ಜುಮಾ ಕಿಟಕಿಯಿಂದ ನೋಡುತ್ತಿದ್ದ. ನಾನು ನೋಡಿದಂತೆ ಅವಳು ತಟ್ಟಿದ ಚಪ್ಪಾಳೆ ಅದೊಂದೇ. ಅದೂ ಹೆಚ್ಚು ಹೊತ್ತಲ್ಲ. ಸಂಜೆಯೊಳಗೆ ಒಬ್ಬ ಸೇನಾಧಿಕಾರಿ ತಾನೇ ದೇಶದ ಮುಖ್ಯಸ್ಥ ಎಂದ. ಶನಿವಾರ ಇನ್ನೊಬ್ಬ, ಅಲ್ಲ ನಾನು ಎಂದ. "ಮುಗೀತಾ ಇಲ್ವಾ ಅಂತ ಯಾರಾದ್ರೂ ಸರಿಯಾಗಿ ಹೇಳ್ತೀರಾ? ನಾನು ಹಿಟ್ಟು ಬೀಸಿಸ್ಬೇಕು," ಎಂದು ಅವಳು ಸಿಕ್ಕಿದವರನ್ನೆಲ್ಲ ಕೇಳಿದಳು.

ಅರ್ಜುಮಾ ಅವಳ ಮನೆಯಲ್ಲಿ ನಾಲ್ಕು ತಿಂಗಳಿದ್ದ. ಅವಳು ಅವನಿಂದ ಸೌದೆ ಒಡೆಸಿದಳು, ನೀರು ಹೊರಿಸಿದಳು, ಬೆಂಡೆಕಾಯಿ ಹೆಚ್ಚಿಸಿದಳು. ಯಾವುದನ್ನೂ ನೆಟ್ಟಗೆ ಮಾಡುತ್ತಿರಲಿಲ್ಲ ಎಂದು ದಿನಾ ಅವಳ ದೂರು. ಮಾರ್ಚ್ ಬರುವ ಹೊತ್ತಿಗೆ ಅವನ ನಗು ಮರಳಿತ್ತು. ಹೊಸ ಪಕ್ಷವೊಂದರ ಅಂಗಿ ತೊಟ್ಟು ಒಂದು ಬೆಳಿಗ್ಗೆ ಹೊರಟ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಅತ್ತಿಗೆ, ಅಲ್ಲಿ ಮಹಿಳಾ ಘಟಕಕ್ಕೆ..." ಎಂದು ಶುರುಮಾಡಿದ. ಅವಳ ಕೈಯಲ್ಲಿ ಒನಕೆಯಿತ್ತು. ಮಾತನ್ನು ಅಲ್ಲಿಗೇ ಬಿಟ್ಟ.

ಗಲಾಟೆ ಆರಿದ ಮೇಲೆ ಅವಳು ಅದೇ ಮರದಡಿ ಮತ್ತೆ ಒಲೆ ಹಚ್ಚಿದ್ದಳು. ಮಧ್ಯಂತರ ಸರಕಾರ ಬಂದು ಮೂರು ತಿಂಗಳಿಗೆ, ಸಂಸತ್ತಿನ ಸುತ್ತ ಅನಧಿಕೃತ ಅಂಗಡಿ ಇರಬಾರದೆಂದು ನಮ್ಮ ಮರದ ಬುಡಕ್ಕೆ ನೋಟೀಸು ಅಂಟಿಸಿದ್ದರು. ಸುಟ್ಟ ಸಂಸತ್ತಿಗೆ ಕಾವಲು. ಅದನ್ನು ಓದಿ ಹೇಳುವಾಗ ನನಗೇ ನಾಚಿಕೆಯಾಯಿತು. ಅವಳು ಈ ಸಲ ಕೈಗಾಡಿ ತರಲಿಲ್ಲ. ಸುತ್ತಲಿನ ಒಂಬತ್ತು ಜನ ಅಂಗಡಿ ಹೆಂಗಸರನ್ನು ಕರೆದುಕೊಂಡು ನಗರಸಭೆಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಧಿಕಾರಿ ಮಂಗಳವಾರ ಬನ್ನಿ ಎಂದ. ಮಂಗಳವಾರ ಹೋಗಿ ಕೂತರು. ಮುಂದಿನ ಮಂಗಳವಾರ ಎಂದ. ಆಗಲೂ ಕೂತರು. ಮೊದಲಾಗಿದ್ದರೆ ಲಾಠಿ ಬರುತ್ತಿತ್ತು, ಈಗ ಬರೀ ಮಂಗಳವಾರ ಬರುತ್ತದೆ, ಇದೊಂದು ಬದಲಾವಣೆ ಎಂದು ನಿಕಿಯೆಮಾ ಅಂದಾಗ, ಅವಳು, "ಹೌದು, ಅದು ಸಣ್ಣದಲ್ಲ," ಎಂದು ಒಪ್ಪಿಕೊಂಡಳು. ಅವನ ಮಾತನ್ನು ಅವಳು ಒಪ್ಪಿದ್ದು ನನಗೆ ನೆನಪಿರುವಂತೆ ಅದೊಂದು ಸಲ. ಆರನೆಯ ಮಂಗಳವಾರ ಬಸ್ ನಿಲ್ದಾಣದ ಹಿಂದೆ ಹತ್ತು ಜನರಿಗೂ ಜಾಗ ಬರೆದುಕೊಟ್ಟರು, ಮೊಹರು ಹಾಕಿ. ಅಲ್ಲಿ ನೆರಳಿಲ್ಲ, ಡೀಸೆಲ್ ಹೊಗೆ, ಬಸ್ಸಿನವರು ಕೈ ತೊಳೆದ ನೀರನ್ನು ಎಲ್ಲೆಂದರಲ್ಲಿ ಚೆಲ್ಲುತ್ತಾರೆ. ಅವಳು ಆ ಜಾಗದ ಮ್ಯಾಪ್ ಬರೆದವನನ್ನು ಇನ್ನೂ ಬಯ್ಯುತ್ತಾಳೆ.

ಎರಡು ಸಾವಿರದ ಹದಿನೈದರ ನವೆಂಬರಿನಲ್ಲಿ ಮತದಾನ. ಅವಳು ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ನಿಂತು ಹನ್ನೊಂದಕ್ಕೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಳು. ಆ ಬೆರಳು ಹಿಟ್ಟಿಗೆ ತಾಗದಂತೆ ಮಡಚಿಟ್ಟುಕೊಂಡು ಒಂದೇ ಕೈಯಲ್ಲಿ ಒಲೆ ಹಚ್ಚುತ್ತಿದ್ದಳು.

"ಯಾರಿಗೆ ಹಾಕಿದೆ ಅಕ್ಕಾ?" ಎಂದೆ.

"ನಿನಗ್ಯಾಕೆ ಅದು?" ಅಂದಳು. "ಐದು ಗಂಟೆ ನಿಂತು ಒಳಗೆ ಹೋದ್ರೆ, ಆ ಕಾಗದ ಮಡಚೋಕೂ ಬಾರದಷ್ಟು ದೊಡ್ಡದು ಮಾಡಿಟ್ಟಿದಾರೆ. ಸೌದೆ ಒಳಕ್ಕೆ ತಳ್ಳು, ಸುಮ್ಮನೆ ನಿಂತಿರಬೇಡ."

ನಾನು ಬಗ್ಗಿ ಸೌದೆ ತಳ್ಳಿದೆ.